ಅಜ್ಜಿಯ ಅಂಕಿತ

ನನ್ನ ಓದು ನಿಂತದ್ದು ೧೯೮೪ರಲ್ಲಿ, ಒಂಬತ್ತನೇ ಕ್ಲಾಸಿನ ಮಧ್ಯದಲ್ಲಿ. ನನ್ನಜ್ಜಿ ಮೈಸೂರು ಅರಮನೆಯಲ್ಲಿ ಕುಣಿಯುತ್ತಿದ್ದವಳು. ಕುಣಿಯುವುದಕ್ಕೆ ತಾನೇ ಜಾವಳಿ, ಅಂದರೆ ಶೃಂಗಾರದ ಹಾಡು, ಕಟ್ಟುತ್ತಿದ್ದವಳು. ಪಕ್ಕದ ಬೆಂಚಿನವನು ಅದಕ್ಕೊಂದು ಕೆಟ್ಟ ಹೆಸರಿಟ್ಟ. ಹೊಡೆದೆ. "ಕ್ಷಮೆ ಕೇಳು, ಇಲ್ಲಾಂದ್ರೆ ಮನೆಗೆ ಹೋಗು," ಅಂದರು ಹೆಡ್ಮಾಸ್ಟರು. ಮನೆಗೆ ಹೋದೆ. ಮಾರನೆಯ ದಿನವೇ ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿಯಲು ಕೂತೆ.

ಅಜ್ಜಿ ಬೈಯಲಿಲ್ಲ. ಅಂಗಡಿಯಿಂದ ಬಂದವನನ್ನು ಎದುರಿಗೆ ಕೂರಿಸಿಕೊಂಡು ತನ್ನ ಜಾವಳಿಗಳನ್ನು ಹೇಳಿಕೊಟ್ಟಳು. ಹಾಡಿನ ಕೊನೆಯ ಚರಣದಲ್ಲಿ ಕಟ್ಟಿದವರ ಗುರುತಾಗಿ ಅಂಕಿತ ಬರುತ್ತದಲ್ಲ, ಅಲ್ಲಿ ಬೇರೆಯವರು ದೇವರ ಹೆಸರೋ ದೊರೆಯ ಹೆಸರೋ ಇಡುತ್ತಿದ್ದರು. ಅಜ್ಜಿ ತನ್ನ ಹೆಸರನ್ನೇ ಇಟ್ಟಿದ್ದಳು. "ಸಂಬಳ ಕೊಟ್ಟೋರು ಅವ್ರು ಕಣೋ, ವಿರಹ ಪಟ್ಟೋಳು ನಾನಲ್ವಾ?" ಎಂದು ನಗುತ್ತಿದ್ದಳು.

ಹೊಲಿಗೆಯೇ ನನ್ನನ್ನು ಅಮೆರಿಕದ ಹಿಕ್ಸ್‌ವಿಲ್‌ಗೆ ತಂದಿತು. ಸ್ಟೇಷನ್ ಹತ್ತಿರ ನನ್ನದೇ ಅಂಗಡಿ. ದೂರದ ಕೆಂಡಲ್ ಪಾರ್ಕಿನಿಂದಲೂ ತಾಯಂದಿರು ಡ್ರೈವ್ ಮಾಡಿಕೊಂಡು ಬಂದು ಮಕ್ಕಳ ಭರತನಾಟ್ಯದ ಡ್ರೆಸ್ಸಿಗೆ ಅಳತೆ ಕೊಡುತ್ತಾರೆ. ಮಂಡಿ ಬಾಗಿಸಿ ಅರೆಮಂಡಿಗೆ ಕೂತಾಗ ಮಡಿಕೆಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳದಿದ್ದರೆ ಯಾರೂ ಹೇಳದೆಯೇ ಮತ್ತೆ ಹೊಲಿಯುತ್ತೇನೆ. ಮಗಳ ರಂಗಪ್ರವೇಶಕ್ಕೆ ಹೊಲಿದ ಹಾಗೆ ಮಾತ್ರ ಯಾರಿಗೂ ಹೊಲಿದಿಲ್ಲ. ಅಜ್ಜಿಯ ಒಂದು ಜಾವಳಿಯನ್ನೂ ಅವಳಿಗೆ ಕಲಿಸಿದೆ. ಯಾರ ಹಾಡು, ಅಂಕಿತ ಯಾಕೆ ಹಾಗಿದೆ, ನಾನು ಸ್ಕೂಲು ಯಾಕೆ ಬಿಟ್ಟೆ, ಎಲ್ಲ ಹೇಳಿದ್ದೆ.

ರಂಗಪ್ರವೇಶದ ದಿನ ಮುಂದಿನ ಸಾಲಿನಲ್ಲಿ ಮೈಸೂರಿನ ಡಾಕ್ಟರ್ ದಂಪತಿ ಕೂತಿದ್ದರು. ಅವರ ಮಗನಿಗೆ ನಮ್ಮ ಹುಡುಗಿಯನ್ನು ಕೇಳಿದ್ದರು. ಜಾವಳಿಗೆ ಮುಂಚೆ, ಮೊದಲೇ ರೆಕಾರ್ಡ್ ಮಾಡಿಟ್ಟಿದ್ದ ಮಗಳ ದನಿ ಇಂಗ್ಲಿಷಿನಲ್ಲಿ ಕೇಳಿಸಿತು: ಇದು ಹೆಸರು ತಿಳಿಯದ ಆಸ್ಥಾನ ಕವಿಯೊಬ್ಬರ ಕೃಷ್ಣಭಕ್ತಿಯ ರಚನೆ. ನನ್ನ ಇಂಗ್ಲಿಷೇ ಸರಿಯಿಲ್ಲ ಅಂದುಕೊಂಡೆ. ಕೊನೆಯ ಚರಣ ಬಂತು. ಅಜ್ಜಿಯ ಹೆಸರಿರಬೇಕಾದ ಕಡೆ ಹಾಡುವವರು 'ಗೋಪಾಲ' ಅಂದರು. ಮಗಳು ಕೊಳಲು ಹಿಡಿದಂತೆ ಕೈ ಎತ್ತಿದಳು. ತಾಳ ಒಂದಿಷ್ಟೂ ತಪ್ಪಲಿಲ್ಲ. ಅಂದರೆ ಬಹಳ ದಿನ ಅಭ್ಯಾಸ ನಡೆದಿತ್ತು, ನನಗೆ ಕೇಳದ ಹಾಗೆ.

ಕಾರ್ಯಕ್ರಮ ಮುಗಿದದ್ದೇ ಗ್ರೀನ್ ರೂಮಿನೊಳಗೆ ಹೋದೆ.

"ಬೀಗರಾಗೋರು ಮುಂದೇನೇ ಕೂತಿದ್ರು ರೀ," ಎಂದಳು ಹೆಂಡತಿ. "ನಿಮ್ಮಜ್ಜಿ ಕಥೆ ಈಗ್ಲೇ ಬೇಕಿತ್ತಾ? ಮದುವೆ ಒಂದು ಆಗ್ಲಿ."

"ಮದುವೆ ಆದ್ಮೇಲೆ ಅಜ್ಜಿ ಬೇರೆಯವಳಾಗ್ತಾಳಾ?"

ಮಗಳು ಗೆಜ್ಜೆ ಬಿಚ್ಚುತ್ತಿದ್ದಳು. "ಅಪ್ಪಾ, ಪ್ಲೀಸ್. ಇಟ್ಸ್ ಜಸ್ಟ್ ಒನ್ ವರ್ಡ್."

ಅಷ್ಟರಲ್ಲಿ ಡಾಕ್ಟರ ಹೆಂಡತಿ ಬಂದು ಅವಳ ಗಲ್ಲ ಸವರಿದರು. "ಆ ಜಾವಳಿ ಎಷ್ಟು ಚೆನ್ನಾಗಿತ್ತು ಪುಟ್ಟಾ! ಯಾರು ಬರೆದಿದ್ದೋ ಪಾಪ, ಗೊತ್ತೇ ಇಲ್ವಲ್ಲ."

"ನನ್ನಜ್ಜಿ," ಎಂದೆ. "ಅರಮನೇಲಿ ಕುಣೀತಿದ್ರು."

ಅವರು ನನ್ನನ್ನು ನೋಡಿದರು, ಮಗಳನ್ನು ನೋಡಿದರು. ಮಗಳು ನಕ್ಕಳು.

"ಆಂಟಿ, ಅಪ್ಪ ಈಸ್ ಜೋಕಿಂಗ್."

ಆಂಟಿಯೂ ನಕ್ಕರು. ಹೆಂಡತಿಯೂ.

ಮದುವೆ ಗೊತ್ತಾಗಿದೆ. ರಿಸೆಪ್ಷನ್ನಿಗೆ ಇನ್ನೊಂದು ಜಾವಳಿ ಹೇಳಿಕೊಡಿ ಎಂದು ಮಗಳು ಮೊನ್ನೆ ಕೇಳಿದಳು. ಮರೆತಿದ್ದೇನೆ ಎಂದೆ. ಮರೆತಿಲ್ಲ. ಈಗ ನನ್ನ ಬಳಿ ಇರುವುದು ಒಂದು ಅಂಗಡಿ, ನಾಲ್ಕು ಮಿಷನ್ನು, ಒಬ್ಬಳು ಹೆಂಡತಿ, ಒಬ್ಬಳು ಮಗಳು, ಅಜ್ಜಿಯ ಹೆಸರಿರುವ ಆರು ಜಾವಳಿ.