ಡಬ್ಲಿನ್ ಗಂಟೆಗೆ ಏಳುವ ರೇಣುಕಾದೇವಿ

ಬೆಳಗಿನ ಐದು ಗಂಟೆ. ಮೇರಿಲ್ಯಾಂಡ್ ರಾಜ್ಯದ ಕ್ಲಾರ್ಕ್ಸ್‌ಬರ್ಗ್‌ನ ಈ ಟೌನ್‌ಹೌಸ್ ಸಾಲಿನಲ್ಲಿ ಒಂದೇ ಒಂದು ಅಡುಗೆಮನೆಯ ದೀಪ ಉರಿಯುತ್ತಿದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಗೆರೆಯ ನೋಟ್‌ಬುಕ್. ರೇಣುಕಾದೇವಿ ತೆರೆಯ ಮೇಲಿನ ಇಂಗ್ಲಿಷ್ ಓದಿಕೊಂಡು, ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಾರೆ. ಎದುರಿಗೆ ಚಹಾ ಹಿಡಿದು ಕೂತವರು ಮಾವ ಗುರುಶಾಂತಪ್ಪ. ಬೈಲಹೊಂಗಲದ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿ ನಿವೃತ್ತರಾದವರು, ಮಗನ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿದ್ದಾರೆ.

"ಅಕ್ಟೋಬರ್ ಹದಿನೈದರಿಂದ ಸಗಣಿನೀರು ಹೊಲಕ್ಕ ಬಿಡಂಗಿಲ್ಲರಿ ಮಾವಾರ. ಜನವರಿ ತನಕಾ."

"ಯಾಕಂತ?"

"ಮಳಿಗೆ ಕೊಚ್ಚಿಕೊಂಡು ಹೋಗಿ ಹಳ್ಳದ ನೀರು ಕೆಡತೈತಂತ."

"ಹಂಗಾದ್ರ ಬರೋಬ್ಬರಿ ಐತಿ," ಎಂದು ಗುರುಶಾಂತಪ್ಪ ತಲೆಯಾಡಿಸುತ್ತಾರೆ. ಐರ್ಲೆಂಡಿನ ಒಂದು ಕೃಷಿ ನಿಯಮಕ್ಕೆ ಇಲ್ಲಿ ಹೀಗೆ ಒಪ್ಪಿಗೆ ಸಿಗುತ್ತದೆ.

ಡಬ್ಲಿನ್‌ನಲ್ಲಿ ಈಗ ಹತ್ತು ಗಂಟೆ. ಅಲ್ಲಿನ ಸರ್ಕಾರ ದನ, ಕುರಿ, ಹಾಲು, ಗೊಬ್ಬರ, ಮೇವಿನ ಬಗ್ಗೆ ಹೊರಡಿಸುವ ನಿಯಮಗಳನ್ನೆಲ್ಲ ಓದಿ, ಅಮೆರಿಕದವರಿಗೆ ತಿಳಿಯುವಂತೆ ಅರ್ಧ ಪುಟಕ್ಕೆ ಇಳಿಸುವುದು ರೇಣುಕಾದೇವಿಯವರ ಕೆಲಸ. ನಾರ್ತ್ ಕೆರೊಲಿನಾದ ಡರ್ಹಮ್‌ನ ಸಣ್ಣ ಕಂಪನಿಯೊಂದು ಈ ಟಿಪ್ಪಣಿಗಳನ್ನು, ಐರ್ಲೆಂಡಿಗೆ ಪಶು ಆಹಾರ, ಔಷಧ ಕಳಿಸುವ ವ್ಯಾಪಾರಿಗಳಿಗೆ ತಲುಪಿಸುತ್ತದೆ. ದಿನಕ್ಕೆ ನಲವತ್ತು ಪುಟ ಓದು, ಎರಡೋ ಮೂರೋ ಟಿಪ್ಪಣಿ. ಬ್ರೆಕ್ಸಿಟ್ ಗದ್ದಲ ಶುರುವಾದ ಮೇಲೆ ಕೆಲವು ದಿನ ಆರು. ನಾಲ್ಕು ವರ್ಷದಲ್ಲಿ ಲೆಕ್ಕ ಎರಡು ಸಾವಿರ ದಾಟಿದೆ. ಒಂದರ ಕೆಳಗೂ ಅವರ ಹೆಸರಿಲ್ಲ.

ಅವರ ಬಗ್ಗೆ ಬರೆಯಲು ಬಂದು ಅದೇ ಮೇಜಿಗೆ ಕೂತ ನಾನು, ಐರ್ಲೆಂಡ್ ನೋಡಿದ್ದೀರಾ ಎಂದು ಕೇಳುತ್ತೇನೆ.

"ಅಲ್ಲಿ ಏರ್‌ಪೋರ್ಟ್ ಸೈತ ನೋಡಿಲ್ಲರಿ. ಆದ್ರ ಕರು ಹುಟ್ಟಿ ಇಪ್ಪತ್ತು ದಿನದಾಗ ಕಿವಿಗೆ ಟ್ಯಾಗ್ ಹಾಕಬೇಕು, ರಿಜಿಸ್ಟರ್ ಮಾಡಿಸಿ ಅದಕ್ಕ ಪಾಸ್‌ಪೋರ್ಟ್ ತಗೋಬೇಕು ಅನ್ನೋದು ನಿದ್ದಿಗಣ್ಣಾಗ ಕೇಳಿದ್ರೂ ಹೇಳ್ತೀನಿ."

"ಕರುವಿಗೆ ಪಾಸ್‌ಪೋರ್ಟ್ ಲಗೂನ ಬರತೈತಿ," ಎನ್ನುತ್ತಾರೆ ಗುರುಶಾಂತಪ್ಪ. "ನಮ್ಮ ಸೊಸಿಗೆ ಕಾರ್ಡ್ ಬರವಲ್ದು."

ತಮಾಷೆಗೆಂದೇ ಹೇಳಿದ ಮಾತು. ಯಾರೂ ನಗುವುದಿಲ್ಲ. ಇವತ್ತು 2019ರ ಆಗಸ್ಟ್ 19. ರೇಣುಕಾದೇವಿಯವರ ಕೆಲಸದ ಪರವಾನಗಿ ಕಾರ್ಡಿನ ಅವಧಿ ಇದೇ 28ಕ್ಕೆ ಮುಗಿಯುತ್ತದೆ. ಹೊಸದಕ್ಕೆ ಮಾರ್ಚ್‌ನಲ್ಲೇ ಅರ್ಜಿ ಹಾಕಿದ್ದಾರೆ, ಬೆರಳಚ್ಚು ಕೊಟ್ಟು ಬಂದಿದ್ದಾರೆ. ವೆಬ್‌ಸೈಟ್ ಮಾತ್ರ ಐದು ತಿಂಗಳಿಂದ ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಒಂದೇ ಪಾಠ ಒಪ್ಪಿಸುತ್ತಿದೆ. 28ರೊಳಗೆ ಕಾರ್ಡ್ ಬಾರದಿದ್ದರೆ ಮರುದಿನದಿಂದ ಅವರು ಕೆಲಸ ಮುಟ್ಟುವಂತಿಲ್ಲ.

ಹೀಗೆ ಕೆಲಸ ಕೈಬಿಡಬೇಕಾಗಿ ಬರುವುದು ಅವರ ಬಾಳಿನಲ್ಲಿ ಇದು ಎರಡನೇ ಸಲ. ಬೆಳಗಾವಿಯಲ್ಲಿ ಲಾ ಓದಿ, ಬೈಲಹೊಂಗಲದ ಕೋರ್ಟಿನಲ್ಲಿ ನಾಲ್ಕು ವರ್ಷ ಹೊಲ, ಬದು, ದನ ಮೇಯುವ ಗಾಯರಾಣದ ಖಟ್ಲೆ ನಡೆಸಿದವರು. 2011ರಲ್ಲಿ ಮದುವೆಯಾಗಿ ಎಂಜಿನಿಯರ್ ಪತಿ ಕಲ್ಮೇಶ್ ಜೊತೆ ಇಲ್ಲಿಗೆ ಬಂದಾಗ, ಗಂಡನ ವೀಸಾದ ಬಾಲ ಹಿಡಿದು ಬಂದ ಹೆಂಡತಿಗೆ ದುಡಿಯುವ ಹಕ್ಕೇ ಇರಲಿಲ್ಲ. "ನಾಲ್ಕು ವರ್ಷ ಫಾರ್ಮ್‌ನಾಗ ಉದ್ಯೋಗ ಅನ್ನೋ ಕಡೆ ಬರೇ ಗೆರಿ ಎಳದೀನ್ರಿ," ಎನ್ನುತ್ತಾರೆ. 2015ರಲ್ಲಿ ನಿಯಮ ಬದಲಾಗಿ, ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರ ಪತ್ನಿಯರಿಗೆ ಅವಕಾಶ ಸಿಕ್ಕಿತು. ಆ ನಿಯಮವನ್ನೇ ರದ್ದು ಮಾಡುವ ಪ್ರಸ್ತಾವ ಈಗ ಎರಡು ವರ್ಷದಿಂದ ತೂಗಾಡುತ್ತಿದೆ. ಪರದೇಶದ ದನಗಳ ಕಾನೂನು ಓದುವವರ ತಲೆಯ ಮೇಲೂ ಒಂದು ಕಾನೂನು.

ಕನ್ನಡದಲ್ಲಿ ಹೇಳಿಕೊಂಡೇ ಬರೆಯುವ ಈ ಪದ್ಧತಿ ಒಂದು ತಪ್ಪಿನಿಂದ ಹುಟ್ಟಿದ್ದು. 2016ರಲ್ಲಿ ಪಶು ಆಹಾರದ ಚೀಲಗಳ ಬಗ್ಗೆ ಐರ್ಲೆಂಡಿನಲ್ಲಿ ಒಂದು ತಿದ್ದುಪಡಿ ಬಂತು. ಅದು 'ಟೇಬಲ್ ಆಗಿದೆ' ಎಂದು ರೇಣುಕಾದೇವಿ ಬರೆದರು. ನಮ್ಮ ವಿಧಾನಸಭೆಯಲ್ಲೂ ಐರ್ಲೆಂಡಿನಲ್ಲೂ ಹಾಗೆಂದರೆ ಸದನದ ಮುಂದೆ ಮಂಡಿಸಿದರು ಎಂದು. ಅಮೆರಿಕದಲ್ಲಿ ಅರ್ಥ ತಿರುಗಾಮುರುಗಾ, ಪಕ್ಕಕ್ಕೆ ಸರಿಸಿಟ್ಟರು ಎಂದಾಗುತ್ತದೆ. ಸೌತ್ ಕೆರೊಲಿನಾದ ಒಂದು ಕಾರ್ಖಾನೆ ಅದನ್ನೋದಿ, ತಿದ್ದುಪಡಿ ಬಿದ್ದುಹೋಯಿತು ಎಂದುಕೊಂಡು ಹಳೆಯ ಚೀಲದಲ್ಲೇ ಸರಕು ಕಳಿಸಿತು. ಅಷ್ಟರಲ್ಲಿ ನಿಯಮ ಜಾರಿಯಾಗಿತ್ತು. ಸರಕು ಬಂದರಿನಲ್ಲಿ ಆರು ವಾರ ಬಿದ್ದು ವಾಪಸಾಯಿತು. ಕಾರ್ಖಾನೆ ಒಂದು ಪಾಳಿ ನಿಲ್ಲಿಸಿತು.

"ಹನ್ನೊಂದು ಮಂದಿ ಕೆಲಸ ಕಳಕೊಂಡ್ರು. ಹೆಸರು ಗೊತ್ತಿಲ್ಲ ನಂಗ. ನಾನೂ ಅವರಿಗೆ ಗೊತ್ತಿಲ್ಲ," ಎನ್ನುತ್ತಾರೆ. ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸುತ್ತಾರೆ. "ಅಲ್ಲಿಂದ ಮೊದಲ ಕನ್ನಡದಾಗ ಹೇಳ್ಕೊತೀನ್ರಿ. ಮಂಡನೆ ಅಂದ್ರ ಮಂಡನೆ, ಜಾರಿ ಅಂದ್ರ ಜಾರಿ. ನಮ್ಮ ಮಾತಿನಾಗ ನಂಗ ಮೋಸ ಆಗಂಗಿಲ್ಲ. ಆಮ್ಯಾಲೆ ಅಮೆರಿಕದ ಇಂಗ್ಲಿಷ್ ಮಾಡ್ತೀನಿ."

ಅದಾದ ಮೇಲೆ ಅವರ ಒಂದು ಟಿಪ್ಪಣಿಯೂ ತಪ್ಪಿಲ್ಲ. ನೋಟ್‌ಬುಕ್ಕುಗಳೇ ಹತ್ತೊಂಬತ್ತು ಆಗಿವೆ. ಒಂದೊಂದು ನಿಯಮಕ್ಕೂ ಕನ್ನಡದಲ್ಲಿ ಒಂದು ಸಾಲು, ಮುಂದೆ ಜಾರಿಯ ದಿನಾಂಕ, ಅದರ ಕೆಳಗೆ ಕೆಂಪು ಗೆರೆ.

28ನೇ ತಾರೀಖು ಬುಧವಾರ. ಅಂಚೆಯ ಗಾಡಿ ಮೂರು ಗಂಟೆಗೆ ಬರುತ್ತದೆ. ಗುರುಶಾಂತಪ್ಪ ಎರಡಕ್ಕೇ ಹೋಗಿ ಡಬ್ಬಿಯ ಹತ್ತಿರ ನಿಂತರಂತೆ. ಬಂದದ್ದು ಪಿಜ್ಜಾ ಅಂಗಡಿಯ ಜಾಹೀರಾತು. ಸಂಜೆ ಕಂಪನಿಯ ವಕೀಲರ ಮೇಲ್ ಬಂತು: ಹೊಸ ಕಾರ್ಡ್ ಸಿಗುವವರೆಗೆ ಕೆಲಸದ ವಿಷಯವಾಗಿ ಕಂಪನಿಯವರನ್ನಾಗಲಿ ಗಿರಾಕಿಗಳನ್ನಾಗಲಿ ಸಂಪರ್ಕಿಸಬಾರದು. ಅಟ್ಲಾಂಟಾದಲ್ಲಿರುವ ಹೊಸಬರೊಬ್ಬರಿಗೆ ಐರ್ಲೆಂಡನ್ನು ವಹಿಸಿದ್ದಾರೆ. ಕನ್ನಡದ ಆ ಹತ್ತೊಂಬತ್ತು ನೋಟ್‌ಬುಕ್ಕುಗಳನ್ನು ಅವರು ಓದಲಾರರು.

ಸೆಪ್ಟೆಂಬರ್ 5ರ ಬೆಳಿಗ್ಗೆ ನಾನು ಮತ್ತೆ ಹೋಗುತ್ತೇನೆ. ಐದು ಗಂಟೆಗೆ ದೀಪ ಉರಿಯುತ್ತಲೇ ಇದೆ. "ಕೆಲಸ ಮಾಡಂಗಿಲ್ಲ. ಓದಬಾರದು ಅಂತ ಎಲ್ಲೂ ಬರದಿಲ್ಲರಿ," ಎನ್ನುತ್ತಾರೆ ರೇಣುಕಾದೇವಿ. ಡಬ್ಲಿನ್‌ನ ಸರ್ಕಾರಿ ಪುಟ ತೆರೆದಿದೆ. ಪಕ್ಕದಲ್ಲಿ ಡರ್ಹಮ್‌ನಿಂದ ಗಿರಾಕಿಗಳಿಗೆ ಹೋದ ಹೊಸ ಟಿಪ್ಪಣಿ. ಮೇಲ್ ಪಟ್ಟಿಯಿಂದ ಇವರನ್ನು ತೆಗೆಯಲು ಯಾರಿಗೂ ನೆನಪಾಗಿಲ್ಲ. ಮೇವಿಗೆ ಬೆರೆಸುವ ಲವಣದ ಚೀಲಕ್ಕೆ ಅಂಟಿಸುವ ಚೀಟಿ ಬದಲಿಸಲು ಜನವರಿಯವರೆಗೆ ಸಮಯವಿದೆ ಎಂದು ಅದರಲ್ಲಿದೆ.

"ಜನವರಿ ಅನ್ನೋದು ಎರಡನೇ ಕಲಮಿಗೆ ಅಷ್ಟ. ಮೂರನೇದು ಸಹಿ ಆದ ದಿನಾನ ಜಾರಿ ಆಗೈತಿ. ಚೀಟಿ ಇರೋದು ಮೂರನೇದ್ರಾಗ," ಎಂದು ಬೆರಳಿಟ್ಟು ತೋರಿಸುತ್ತಾರೆ. ಗಿರಾಕಿಗಳು ಆ ಟಿಪ್ಪಣಿ ನಂಬಿದರೆ ಹಳೆಯ ಚೀಟಿಯ ಸರಕು ಈ ವಾರವೇ ಹಡಗು ಹತ್ತುತ್ತದೆ.

ಆಫೀಸಿಗೆ ಹೊರಟ ಕಲ್ಮೇಶ್ ಬಾಗಿಲಲ್ಲೇ ನಿಲ್ಲುತ್ತಾರೆ. "ಒಂದ್ ಲೈನ್ ಮೇಲ್ ಹಾಕು. ಯಾರು ಕೇಳ್ತಾರ?"

"ಕೇಳೋವ್ರು ಕೇಳಿದ ದಿನ ಏನು ಹೇಳ್ಲಿರಿ? ಪರ್ಮಿಟ್ ಇಲ್ದ ಕೆಲಸ ಮಾಡೀನಿ ಅಂತನಾ? ನಿಮ್ಮ ಗ್ರೀನ್ ಕಾರ್ಡ್ ಅರ್ಜಿಗೂ ಕುತ್ತು ಬರತೈತಿ."

ಕಲ್ಮೇಶ್ ಬಾಗಿಲು ಎಳೆದುಕೊಂಡು ಹೋಗುತ್ತಾರೆ. ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಹೇಳಲಾರೆ. ನಾನೇ ಡರ್ಹಮ್‌ಗೆ ತಿಳಿಸುತ್ತೇನೆ ಎಂದು ಒಂಬತ್ತಕ್ಕೆ ಫೋನ್ ಮಾಡುತ್ತೇನೆ. ಗಿರಾಕಿಗಳಲ್ಲದವರು ವೆಬ್‌ಸೈಟಿನಲ್ಲಿ ದೂರು ಬರೆಯಿರಿ, ಹತ್ತು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ ಎಂದು ಯಂತ್ರವೊಂದು ಹೇಳುತ್ತದೆ. ಆ ದೂರು ಬರೆದು ಮತ್ತೆ ಮೇಜಿಗೆ ಬರುತ್ತೇನೆ. ಗುರುಶಾಂತಪ್ಪ ನನ್ನ ಮುಂದೆ ಇನ್ನೊಂದು ಬಟ್ಟಲು ಚಹಾ ಇಡುತ್ತಾರೆ.

ಕಾರ್ಡ್ ಬಂದ ದಿನ ಮೊದಲು ಏನು ಮಾಡುತ್ತೀರಿ ಎಂದು ಹೊರಡುವಾಗ ಕೇಳುತ್ತೇನೆ. ರೇಣುಕಾದೇವಿ ಯೋಚಿಸುವುದೂ ಇಲ್ಲ.

"ಈ ಟಿಪ್ಪಣಿ ತಿದ್ದತೀನ್ರಿ. ಅಷ್ಟರಾಗ ಹಡಗ ಹೋಗಿರತೈತಿ. ಆದ್ರೂ ತಿದ್ದತೀನಿ."