ಕೆರೆದು ತೆಗೆಯದ ಮೇಣ

ಮೂಳೆಗೆ ಒತ್ತುವ ಮೇಣವನ್ನು ಹದ ಮಾಡುವುದರಲ್ಲಿ ಜ್ಲಾಟ್ಕಾಳನ್ನು ಮೀರಿಸುವವರು ನಮ್ಮ ರೊಡೋಪಿ ಬೆಟ್ಟದ ಈಚೆಗೂ ಇರಲಿಲ್ಲ, ಆಚೆಗೂ ಇರಲಿಲ್ಲ. ಇಪ್ಪತ್ತಾರು ವರ್ಷ ಆಪರೇಷನ್ ಕೋಣೆಯಲ್ಲಿ ಅವಳ ಪಕ್ಕ ನಿಂತ ನರ್ಸು ನಾನು. ಹೊಟ್ಟೆಕಿಚ್ಚು ಪಟ್ಟುಕೊಂಡೇ ಹೇಳುತ್ತಿದ್ದೇನೆ. ಕೊಯ್ದ ಮೂಳೆ ರಕ್ತ ಜಿನುಗಿಸುತ್ತದೆ, ಅದನ್ನು ಹೊಲಿಯಲಾಗದು, ಮೇಣ ಒತ್ತಬೇಕು. ಅವಳು ಬೆರಳಲ್ಲೇ ಮಿದ್ದು ಬಟಾಣಿಯಷ್ಟು ಉಂಡೆ ಮಾಡಿ ಡಾಕ್ಟರ ಕೈಗೆ ಕೊಡುವಳು. ರಕ್ತ ನಿಂತ ಕೂಡಲೇ, ಕೇಳುವ ಮೊದಲೇ, ಹೆಚ್ಚಿನ ಮೇಣ ಕೆರೆದು ತೆಗೆಯುವ ಪುಟ್ಟ ಚಮಚ ಚಾಚುವಳು. ಯಾಕೆಂದರೆ ಮೇಣ ಮೈಯೊಳಗೆ ಕರಗುವುದಿಲ್ಲ. ಉಳಿದುಬಿಟ್ಟರೆ ಮೂಳೆ ಕೂಡುವುದಿಲ್ಲ, ಕೀವೂ ಕಟ್ಟುತ್ತದೆ. ತಾನಾಗಿ ಕರಗುವ ಸ್ಪಂಜು ಬಂದಾಗ, “ಅದೇನೇ, ಹಳಸಿದ ಕೇಕಿನ ಚೂರು!” ಎಂದು ಮೂಗು ಮುರಿದಿದ್ದಳು.

ಡಾಕ್ಟರ್ ತಾಬಾಕೋವ್ ಅವಳ ಕೈ ನೋಡಿಯೇ ಕೆಲಸ ಮಾಡುತ್ತಿದ್ದರು. ಚಮಚ ಬಂದರೆ ಕೆರೆಯುವುದು, ಸೂಜಿ ಬಂದರೆ ಹೊಲಿಯುವುದು.

ಅವಳ ತಮ್ಮ ಪೆಂಚೊ ಗುಡ್ಡದ ಮೇಲೆ ಜೇನು ಸಾಕುತ್ತಿದ್ದ. ಕಾಲಿನ ಹೆಬ್ಬೆರಳ ಬುಡದ ಕೀಲು ಸವೆದು, ಎರಡು ಮೂಳೆ ಕೂಡಿಸಬೇಕಾಯಿತು.

“ಅಕ್ಕಾ, ನೀನೇ ನಿಂತ್ಕೋಬೇಕು. ಇಲ್ದಿದ್ರೆ ಮೇಜಿಂದ ಇಳ್ದು ಓಡಿಹೋಗ್ತೀನಿ.”

“ಓಡೋ ಕಾಲಿದ್ದಿದ್ರೆ ಇಲ್ಲಿಗ್ಯಾಕೋ ಬರ್ತಿದ್ದೆ, ಕತ್ತೆ?”

ಊರವರ ರಕ್ತವೆಲ್ಲ ನೋಡಿದವಳು ತಮ್ಮನ ರಕ್ತ ಕಂಡು ನಡುಗಿದಳು. ಒಂದಾದ ಮೇಲೊಂದು ಮೂರು ಉಂಡೆ ಕೊಟ್ಟಳು. ರಕ್ತ ನಿಂತಿತು. ಅವಳು ಚಾಚಿದ್ದು ಚಮಚವನ್ನಲ್ಲ, ಸೂಜಿಯನ್ನು. ಡಾಕ್ಟರ್ ಹೊಲಿದರು. ನಾನು ರಕ್ತ ಒರೆಸಿದ ಬಟ್ಟೆ ತುಂಡು ಎಣಿಸುತ್ತಿದ್ದೆ, ನೋಡಲಿಲ್ಲ.

ಮೂಳೆ ಕೂಡಲಿಲ್ಲ. ಐದನೇ ತಿಂಗಳಿಗೆ ಕೀವಾಗಿ ಅರ್ಧ ಪಾದವನ್ನೇ ತೆಗೆದರು. ಒಳಗೆ ಮೇಣ ಇಟ್ಟಂತೆಯೇ ಇತ್ತು. ಜ್ಲಾಟ್ಕಾ ಅದನ್ನು ನೋಡಿದಳು, ನಾವೂ ನೋಡಿದೆವು. “ಕೆಲವರ ಮೂಳೆ ಕೂಡೋದಿಲ್ಲ” ಎಂದು ಡಾಕ್ಟರ್ ಮನೆಯವರಿಗೆ ಹೇಳಿ ಕೈ ತೊಳೆದುಕೊಂಡರು.

ಚರ್ಚಿನ ದೊಡ್ಡ ಉಪವಾಸ ಶುರುವಾಗುವ ಮುಂಚಿನ ಭಾನುವಾರ ನಮ್ಮಲ್ಲಿ ಕಿರಿಯರು ಹಿರಿಯರ ಕೈಗೆ ಮುತ್ತಿಟ್ಟು ಕ್ಷಮೆ ಕೇಳಬೇಕು. ಪೆಂಚೊ ಊರುಗೋಲಿನಲ್ಲಿ ಅಕ್ಕನ ಮನೆಗೆ ಬಂದ. ನಾನೂ ಅಲ್ಲಿದ್ದೆ.

“ಕ್ಷಮಿಸಕ್ಕಾ. ನೀನು ಅಷ್ಟು ಚೆನ್ನಾಗಿ ಮಾಡಿದ್ದನ್ನ ನಾನೇ ಹಾಳ್ ಮಾಡ್ದೆ. ಜೇನು ನೋಡೋಕೆ ಅಂತ ಮೂರನೇ ವಾರಕ್ಕೇ ಗುಡ್ಡ ಹತ್ಬಿಟ್ಟೆ.”

ಅವಳು ಹಲ್ವದ ತಟ್ಟೆ ಕೆಳಗಿಟ್ಟಳು. ಬಾಯಿ ತೆರೆದಳು. ಹೊರಬಂದದ್ದು ಆ ದಿನದ ರೂಢಿಯ ಉತ್ತರ: “ಕ್ಷಮಿಸಿದೀನಿ. ದೇವ್ರೂ ಕ್ಷಮಿಸ್ಲಿ.”

ಅವನು ಹೋದ ಮೇಲೆ ಮೆಟ್ಟಿಲಲ್ಲಿ ಅವಳನ್ನು ಹಿಡಿದು ಬೈದೆ. “ಸತ್ಯ ಹೇಳೇ ಮಾರಾಯ್ತಿ!”

“ಬರೋ ವರ್ಷ ಹೇಳ್ತೀನಿ ಕಣೇ.”

ನಾಲ್ಕು ವರ್ಷ ಅವನು ಬಂದು ಕ್ಷಮೆ ಕೇಳಿದ. ನಾಲ್ಕು ವರ್ಷವೂ ಅವಳು ಕ್ಷಮಿಸಿದಳು. ನನಗೆ ಅವಳ ಮೇಲೆ ಸಿಟ್ಟಿತ್ತು, ಅಷ್ಟೇ ಮರುಕವೂ ಇತ್ತು. ಐದನೇ ಚಳಿಗಾಲದಲ್ಲಿ ಪೆಂಚೊನ ಹೃದಯ ನಿಂತಿತು.

ಈ ಸಲ ಆ ಭಾನುವಾರ ಜ್ಲಾಟ್ಕಾ ನನ್ನ ಮನೆಗೆ ಬಂದು ನನ್ನ ಕೈಗೆ ಮುತ್ತಿಟ್ಟಳು.

“ಏ, ಬಿಡೇ! ನಾನು ನಿನಗಿಂತ ಚಿಕ್ಕವಳು.”

“ಇನ್ಯಾರನ್ನ ಕೇಳ್ಲಿ? ಕ್ಷಮಿಸಿದೀನಿ ಅನ್ನು. ಒಂದ್ಸಲ ಅನ್ನು.”

ಅಂದು ಬಟ್ಟೆ ಎಣಿಸುತ್ತ ನಿಂತಿದ್ದವಳು ನಾನು. ಅವಳ ಕೈ ಹಿಡಿದುಕೊಂಡು ಕೂತೆ. “ಕ್ಷಮಿಸಿದೀನಿ” ಅನ್ನಬೇಕಾದವನು ಪೆಂಚೊ.