ಹೆಪ್ಪಿನ ಬಾಟಲಿಯ ಕುಂಕುಮ

ಇಲಿಗಳಿಗೆ ಫಿಟ್ಸ್ ಬಂತು ಅಂತ ಫೋನ್ ಬಂದಾಗ ನಾನು ಕ್ಯಾಂಟೀನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ತಾ ಇದ್ದೆ. ಮೊದಲು ನಕ್ಕುಬಿಟ್ಟೆ. ಯಾಕಂದ್ರೆ ನಾವು ಮಾಡ್ತಾ ಇದ್ದದ್ದೇ ಫಿಟ್ಸ್ ನಿಲ್ಲಿಸೋ ಔಷಧಿ. ಸಣ್ಣ ಮಕ್ಕಳಿಗೆ ಬರತ್ತಲ್ಲ, ಯಾವ ಮಾತ್ರೆಗೂ ಬಗ್ಗದ ಫಿಟ್ಸು, ಅದಕ್ಕೆ. ಅದನ್ನ ಕೊಟ್ಟ ಮೇಲೆ ಇಲಿಗಳು ಕೈಕಾಲು ಸೆಟೆದುಕೊಂಡು ಬಿದ್ದವಂತೆ. ಅಯ್ಯೋ ರಾಮ ಅಂತ ಡಬ್ಬಿ ಮುಚ್ಚಿ ಮೇಲಕ್ಕೆ ಓಡಿದೆ.

ನಮ್ಮದು ಬೊಮ್ಮನಹಳ್ಳಿಯಲ್ಲಿ, ಗಾರ್ಮೆಂಟ್ಸ್ ಫ್ಯಾಕ್ಟರಿಗಳ ಮಧ್ಯೆ ಸಿಕ್ಕಿಕೊಂಡಿರೋ ಸಣ್ಣ ಲ್ಯಾಬು. ಬೇರೆ ಕಂಪನಿಗಳು ಕೇಳಿದ ಔಷಧಿಯ ಪುಡಿ ಮಾಡಿಕೊಡ್ತೀವಿ, ಅವರು ಮೊದಲು ಅದನ್ನ ಇಲಿಗಳಿಗೆ ಕೊಟ್ಟು ನೋಡ್ತಾರೆ. ಅದರಲ್ಲೇನು ಕಷ್ಟ ಅಂತ ಕೇಳಿದವರಿಗೆ ನಾನು ಚಪ್ಪಲಿ ತೋರಿಸ್ತೀನಿ, ತಪ್ಪು ತಿಳ್ಕೋಬೇಡಿ. ಎಡಗಾಲಿಂದು, ಬಲಗಾಲಿಂದು ಎರಡಕ್ಕೂ ಅದೇ ಚರ್ಮ, ಅದೇ ಹೊಲಿಗೆ, ಅದೇ ತೂಕ. ಆದರೆ ಅದಲು ಬದಲು ಹಾಕ್ಕೊಂಡು ನಡೀರಿ ನೋಡೋಣ. ಅಣುಗಳಲ್ಲೂ ಅಂಥ ಜೋಡಿಗಳಿವೆ. ಒಂದನ್ನ ಎಡಗೈದು, ಇನ್ನೊಂದನ್ನ ಬಲಗೈದು ಅಂತೀವಿ. ಪಾತ್ರೆಯಲ್ಲಿ ಮಾಮೂಲಿಯಾಗಿ ಎರಡೂ ಸಮಸಮ ಹುಟ್ಟತ್ತೆ, ಆದರೆ ನಮ್ಮ ಮೈಗೆ ಎರಡೂ ಒಂದೇ ಅಲ್ಲ. ಈ ಔಷಧಿಯಲ್ಲಿ ಎಡಗೈದು ಮಿದುಳನ್ನ ಸಮಾಧಾನ ಮಾಡತ್ತೆ. ಬಲಗೈದು ಏನು ಮಾಡತ್ತೆ ಅಂತ ಅವತ್ತು ಪಾಪದ ಇಲಿಗಳಿಂದ ಗೊತ್ತಾಯ್ತು.

ಎರಡನ್ನೂ ಬೇರೆ ಮಾಡೋಕೆ ನಾವು ಮಾಡೋದು ಒಂಥರಾ ಹೆಪ್ಪು ಹಾಕೋ ಕೆಲಸ. ಎರಡೂ ಕರಗಿರೋ ದ್ರವಕ್ಕೆ ಎಡಗೈ ಹರಳಿನ ಪುಡಿ ಒಂದು ಚಿಟಿಕೆ ಉದುರಿಸಿದರೆ ಎಡಗೈದೇ ಹರಳುಗಟ್ಟಿ ತಳಕ್ಕೆ ಇಳಿಯತ್ತೆ. ಬಲಗೈದರ ಪುಡಿ ಉದುರಿಸಿದರೆ ಉಲ್ಟಾ. ಹೋಲಿಸಿ ನೋಡೋಕೆ ಬೇಕಲ್ಲ ಅಂತ ಎರಡರ ಬಾಟಲಿಯನ್ನೂ ಇಟ್ಟಿದ್ವಿ. ಎರಡರಲ್ಲೂ ಅದೇ ಬಿಳಿ ಪುಡಿ. ಶೆಲ್ಫಿನ ಎಡಗಡೆ ಎಡಗೈದು, ಬಲಗಡೆ ಬಲಗೈದು. ಆ ಹೆಪ್ಪಿನ ಬಾಟಲಿಗಳನ್ನ ತುಂಬೋದು, ಒರೆಸೋದು, ಎತ್ತಿಡೋದು ಎಲ್ಲ ನಮ್ಮ ಸಾರೇ ಮಾಡಬೇಕು, ಬೇರೆಯವರಿಗೆ ಬಿಡ್ತಿರಲಿಲ್ಲ. ನಾವು ಬೇಕಾದಾಗ ಒಂದು ಚಿಟಿಕೆ ತಗೋಬಹುದಿತ್ತು, ಅಷ್ಟೇ. ಸಾರ್ ಅಂದ್ರೆ ಲ್ಯಾಬಿನ ಮುಖ್ಯಸ್ಥರು. ಜಯನಗರದವರು, ರಿಟೈರ್ ಆಗೋ ವಯಸ್ಸು ದಾಟಿದರೂ ಕೆಲಸದ ಬೆಂಚ್ ಬಿಟ್ಟವರಲ್ಲ. ನನಗೆ ಕೆಲಸ ಕಲಿಸಿದವರೂ ಅವರೇ.

ಇಲಿಗಳಿಗೆ ಹೋದ ಬ್ಯಾಚ್ ಮಾಡಿದ್ದು ನನ್ನ ಪಕ್ಕದ ಬೆಂಚಿನವಳು. ಇಳಕಲ್ ಕಡೆಯವಳು, ಬಿಟಿಎಂನಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದಳು. ಊರಲ್ಲಿರೋ ಅಪ್ಪ ಅಮ್ಮನ ಸಂಸಾರ ನಡೀತಾ ಇದ್ದದ್ದು ಅವಳೊಬ್ಬಳ ಸಂಬಳದಲ್ಲಿ. ಎಡಗೈದೋ ಬಲಗೈದೋ ಅಂತ ಬೆಳಕು ಹಾಯಿಸಿ ಹೇಳೋ ಮಿಷಿನ್ ಒಂದಿದೆ. ದಸರಾ ಮುಗಿದ ವಾರ ಅವಳು ಆ ಬ್ಯಾಚ್ ಮಾಡುವಾಗ ಅದರ ಲ್ಯಾಂಪ್ ಹೋಗಿತ್ತು. ಮಿಕ್ಕ ಟೆಸ್ಟೆಲ್ಲ ಪಾಸು. "ಹೆಪ್ಪು ಸರಿ ಇದ್ರೆ ಮೊಸರೂ ಸರಿನೇ ಕಣಮ್ಮ, ಕಳಿಸಿ" ಅಂದುಬಿಟ್ಟಿದ್ದರು ಸಾರ್.

ಇಲಿಗಳ ಸುದ್ದಿ ಬಂದ ಮೇಲೆ, ಅಷ್ಟರಲ್ಲಿ ರಿಪೇರಿಯಾಗಿದ್ದ ಮಿಷಿನ್ನಿಗೆ ಉಳಿದಿದ್ದ ಪುಡಿ ಹಾಕಿ ನೋಡಿದರೆ ಪೂರ್ತಿ ಬಲಗೈದು. ಬೆರಕೆ ಕೂಡ ಅಲ್ಲ. ಮ್ಯಾನೇಜರ್ ಎಲ್ಲರ ಎದುರಿಗೇ ಅವಳನ್ನ ನಿಲ್ಲಿಸಿ ಯಾವ ಬಾಟಲಿಯಿಂದ ತಗೊಂಡೆ ಅಂತ ಕೇಳಿದರು.

"ಎಡಕ್ಕ ಇದ್ದದ್ದರಾಗಿಂದ ರೀ."

"ಲೇಬಲ್ ಓದಿದ್ಯಾ?"

ಅವಳು ತಲೆ ತಗ್ಗಿಸಿದಳು. ಶನಿವಾರದೊಳಗೆ ನೀನಾಗಿ ರಾಜೀನಾಮೆ ಕೊಡು, ಇಲ್ಲಾಂದ್ರೆ ನಾವೇ ತೆಗೀತೀವಿ ಅಂದರು. ಸಾರ್ ಆದರೂ ಪರವಾಗಿ ಒಂದು ಮಾತಾಡ್ತಾರೆ ಅಂದ್ಕೊಂಡೆ. ಅವರು "ಇಷ್ಟು ದಿನ ಕಲಿಸಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು" ಅಂತ ಹೇಳಿ ಎದ್ದು ಹೋದರು. ನನ್ನ ಮೈ ಉರಿದುಹೋಯ್ತು. ಅವಳು ಉಪ್ಪಿಟ್ಟಿಗೂ ರವೆ ತೂಕ ಮಾಡಿ ಹಾಕೋ ಜಾತಿ! ಅಂಥವಳು ಬಾಟಲಿ ನೋಡದೆ ತಗೊಂಡಳಾ?

ಶುಕ್ರವಾರ ಶೆಲ್ಫಿನ ಹತ್ರ ಹೋಗಿ ನಾನೇ ನೋಡಿದೆ. ಎರಡು ಬಾಟಲಿಯಲ್ಲೂ ಲೇಬಲ್ಲೇ ಕಾಣ್ತಿರಲಿಲ್ಲ. ಆಯುಧಪೂಜೆಯ ಅರಿಶಿನ ಕುಂಕುಮ ಅದರ ಮೇಲೆ ಒಣಗಿ ಕೂತಿತ್ತು. ನಮ್ಮಲ್ಲಿ ಪೂಜೆ ದಿನ ತಕ್ಕಡಿಯಿಂದ ಹಿಡಿದು ಫ್ರಿಜ್ಜಿನವರೆಗೆ ಎಲ್ಲಕ್ಕೂ ಕುಂಕುಮ ಇಡ್ತೀವಿ. ಇಟ್ಟ ಮೇಲೆ ಯಾರೂ ಒರೆಸಲ್ಲ, ತಾನಾಗೇ ಉದುರಿ ಹೋಗಬೇಕು. ನಾನೂ ಒರೆಸಲ್ಲ, ನನ್ನ ಗಂಡನ ಸ್ಕೂಟರಿನ ಮೇಲೆ ಹೋದ ವರ್ಷದ್ದು ಇನ್ನೂ ಇದೆ. ಆದರೆ ಬೇರೆ ಸಾಮಾನಿನ ಮೇಲೆಲ್ಲ ಗುಂಡಗೆ ಇದ್ದ ಬೊಟ್ಟು ಈ ಎರಡು ಬಾಟಲಿ ಮೇಲೆ ಮಾತ್ರ ಅಡ್ಡಾದಿಡ್ಡಿ ಎಳೆದ ಹಾಗೆ ಹರಡಿ, ಬರೆದಿದ್ದನ್ನ ಪೂರ್ತಿ ನುಂಗಿಬಿಟ್ಟಿತ್ತು. ದೇವರ ಮುಂದೆ ಎಲ್ಲ ಜೋಡಿಸಿ, ಪೂಜೆ ಮುಗಿಸಿ, ವಾಪಸ್ ಇಡುವಾಗ ಅಕ್ಷರ ಕಾಣದೆ ಜಾಗ ತಪ್ಪಿದ್ದರೆ? ಎರಡರಿಂದಲೂ ಚೂರು ಚೂರು ತೆಗೆದು ಮಿಷಿನ್ನಿಗೆ ಹಾಕಿದೆ. ಎಡಗಡೆ ಇದ್ದದ್ದು ಬಲಗೈದು. ಬಲಗಡೆ ಇದ್ದದ್ದು ಎಡಗೈದು. ಆ ಬಾಟಲಿಗಳನ್ನ ಎತ್ತಿಡೋರು ಒಬ್ಬರೇ, ಸಾರ್.

ಸಾರ್ ಅವತ್ತು ರಜೆ. ಬಾಟಲಿಗಳ ಫೋಟೋ ತೆಗೆದು ಆಟೋ ಹತ್ತಿದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂತು ಏನೇನು ಬೈಬೇಕು ಅಂತ ಜೋಡಿಸಿಕೊಂಡೆ. ಗುರುಗಳಾದರೇನು, ಒಬ್ಬಳ ಅನ್ನ ಕಿತ್ತುಕೊಳ್ಳೋ ಮೊದಲು ತಮ್ಮ ಕೆಲಸ ಒಮ್ಮೆ ನೋಡಿಕೊಳ್ಳಬಾರದಾ?

ಜಯನಗರದ ಅವರ ಮನೆ ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಸಾರ್ ಕುರ್ಚಿ ಮೇಲೆ ಕೂತಿದ್ದರು. ಅವರ ಹೆಂಡತಿ ಕಾಫಿ ಲೋಟ ಹಿಡಿದು ಅವರ ಬಾಯಿಗೆ ಕುಡಿಸ್ತಾ ಇದ್ದರು. ತೊಡೆ ಮೇಲಿದ್ದ ಸಾರ್ ಬಲಗೈ ತನ್ನಷ್ಟಕ್ಕೆ ತಾನೇ ಕುಣೀತಾ ಇತ್ತು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಅಚ್ಚು ಹಾಕಿದ ಹಾಗೆ ಅಕ್ಷರ ಬರೀತಿದ್ದ ಕೈ ಅದು! ಈಚೆಗೆ ಲ್ಯಾಬಲ್ಲಿ ಯಾವಾಗ ನೋಡಿದರೂ ಕೋಟಿನ ಜೇಬಿನಲ್ಲಿರ್ತಿತ್ತು, ನಾವು ಅದು ಅವರ ಗತ್ತು ಅಂದ್ಕೊಂಡಿದ್ವಿ.

"ಗೊತ್ತಾದ್ರೆ ಬೆಂಚ್ ಹತ್ರ ಬಿಡಲ್ಲ ಕಣಮ್ಮ" ಅಂದರು, ನಾನು ಏನೂ ಕೇಳದೇನೇ.

ಫೋನ್ ಕೊಟ್ಟೆ. ಫೋಟೋ ನೋಡಿದರು, ದೊಡ್ಡದು ಮಾಡಿ ಕೊಡು ಅಂದರು, ಮತ್ತೆ ನೋಡಿದರು. ಅವರಿಗೆ ನಿಜವಾಗಲೂ ಗೊತ್ತಿರಲಿಲ್ಲ. "ನಾನೇ ಇಟ್ಟಿದ್ದಾ?" ಅಂತ ಹೆಂಡತಿಯನ್ನ ಕೇಳಿದರು. ಪಾಪ, ಆಕೆಗೇನು ಗೊತ್ತು.

ಶನಿವಾರ ಬೆಳಿಗ್ಗೆ ಸಾರ್ ಬಂದು, ಎಲ್ಲರನ್ನೂ ಕರೆಸಿ, ಜೇಬಿನಿಂದ ಕೈ ಹೊರಗೆ ತೆಗೆದರು. "ಬಾಟಲಿ ಜಾಗ ತಪ್ಪಿಸಿ ಇಟ್ಟಿದ್ದು ಈ ಕೈ. ಆ ಮಗುವಿಂದು ಏನೂ ತಪ್ಪಿಲ್ಲ." ಆಮೇಲೆ ಮ್ಯಾನೇಜರ್ ಬಹಳ ಮರ್ಯಾದೆಯಿಂದಲೇ, ಸಾರ್ ನೀವಿನ್ನು ಮನೇಲಿ ರೆಸ್ಟ್ ತಗೊಳ್ಳಿ ಅಂದರು. ಸಾರ್ ಊಟದ ಚೀಲ ತಗೊಂಡು, ಅವಳ ತಲೆ ಮುಟ್ಟಿ "ಬರ್ತೀನಮ್ಮ" ಅಂತ ಹೊರಟುಹೋದರು.

ಅವಳ ಕೆಲಸ ಉಳೀತು. ಲೇಬಲ್ ಒರೆಸಿ, ಸರಿಯಾದ ಹೆಪ್ಪು ಹಾಕಿ ಅವಳೇ ಹೊಸ ಬ್ಯಾಚ್ ಮಾಡಿದಳು. ಈ ಸಲ ಇಲಿಗಳು ತೆಪ್ಪಗಿದ್ದವು. ಆ ಸುದ್ದಿ ಬಂದ ದಿನ ಟೀ ಅಂಗಡಿ ಹತ್ರ ಅವಳ ಬೆನ್ನು ತಟ್ಟಿ, ನೋಡಿದ್ಯಾ, ನಾನು ಬಾಟಲಿ ನೋಡದೇ ಇದ್ದಿದ್ರೆ ನಿನ್ನ ಗತಿ ಏನಾಗ್ತಿತ್ತು ಅಂದೆ. ಬೀಗ್ತಾ ಇದ್ದೆ, ಸುಳ್ಳು ಯಾಕೆ ಹೇಳಲಿ.

"ನಂಗ ಗೊತ್ತಿತ್ರಿ ಅಕ್ಕಾರ" ಅಂದಳು.

"ಏನು ಗೊತ್ತಿತ್ತು?"

"ಕುಂಕುಮ ಹಚ್ಚೂ ಮುಂದ ಸಾರ್ ಕೈ ನಡಗೂದು ನಾ ನೋಡಿದ್ದೆ. ಇಲಿ ಸುದ್ದಿ ಬಂದ ದಿನಾನ ಎಲ್ಲಾ ತಿಳೀತು."

ಟೀ ಕೈಮೇಲೆ ಚೆಲ್ಲಿಕೊಂಡೆ. "ನಿನಗೇನು ತಲೆ ಕೆಟ್ಟಿದೆಯಾ? ಕೆಲಸ ಹೋಗ್ತಿತ್ತಲ್ಲೇ! ಬಾಯಿಗೇನು ಬೀಗ ಹಾಕ್ಕೊಂಡಿದ್ದೆ?"

ಅವಳು ತನ್ನ ಲೋಟ ಕೆಳಗಿಟ್ಟು ಹೇಳಿದಳು. "ನಮ್ಮಪ್ಪ ಮಗ್ಗದಾಗ ಸೀರಿ ನೇಯತಿದ್ರು. ಅವರ ಕೈನೂ ಹಿಂಗ ನಡಗಾಕ ಹತ್ತಿತ್ತು, ಎಳಿ ತಪ್ಪತಿದ್ವು. ಯಾರ ಮುಂದೂ ಅಂದಿದ್ದಿಲ್ಲ. ಹಗುರ ಕೆಲಸ ಕೊಡ್ತಾರ ಅಂತ ತಿಳದು ನಾನ ಮಾಲಕರಿಗೆ ಹೇಳಿದೆ. ಮರುದಿನಾನ ಮಗ್ಗದಿಂದ ಎಬ್ಬಿಸಿದ್ರು. ಅವತ್ತಿಂದ ಅಪ್ಪ ನನ್ನ ಕೂಡ ಮಾತಾಡಂಗಿಲ್ರಿ. ರೊಕ್ಕಾ ಕಳಿಸಿದ್ರ ತಗೋತಾರ, ಫೋನಿಗೆ ಬರೂದಿಲ್ಲ." ಆಮೇಲೆ ನನ್ನ ಮುಖ ನೋಡಿ, ಕುಹಕ ಏನೂ ಇಲ್ಲದೆ ಕೇಳಿದಳು. "ನೀವು ಹೇಳಿದ್ದು ಚಲೋನ ಆತು ಅಕ್ಕಾರ, ನಾ ಉಳಕೊಂಡೆ. ಆಮ್ಯಾಲ ಸಾರ್ ನಿಮ್ಮ ಕೂಡ ಮಾತಾಡಿದ್ರೇನ್ರಿ?"

ಮಾತಾಡದೆ ಏನು, ಅಂತ ಜೋರಾಗಿ ಅಂದೆ. ಸಾಯಂಕಾಲ ಮನೆಗೆ ಬಂದು ಜಯನಗರಕ್ಕೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿ, ಮಲಗಿದ್ದಾರಮ್ಮ ಅಂದರು. ಈಗಲೂ ವಾರಕ್ಕೊಮ್ಮೆ ಮಾಡ್ತೀನಿ. ಬೆಳಿಗ್ಗೆ ಹತ್ತು ಗಂಟೆಗೆ ಮಾಡಿದರೂ ಮಲಗಿದ್ದಾರಮ್ಮ ಅಂತಾರೆ. ಹಿಂದಿನಿಂದ ಸಾರ್ ಕೆಮ್ಮೋದು ನನಗೆ ಕೇಳಿಸತ್ತೆ.